ಒಬ್ಬರು ನಿಂತಿರಬೇಕು

ನಮ್ಮ ಮನೆಯವರು ಮೂವತ್ತು ವರ್ಷ ಕುದುರೆ ಸವಾರಿ ಶಾಲೆಯೊಂದರ ಲಾಯದಲ್ಲಿ ದುಡಿದರು. ನನ್ನ ಎರಡು ಹೆರಿಗೆಗೂ ಆಸ್ಪತ್ರೆಯಲ್ಲಿ ಹತ್ತು ನಿಮಿಷ ನಿಲ್ಲದ ಗಂಡಸು, ಒಂದು ಮುದಿ ಕುದುರೆಗಾಗಿ ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ನಿಂತರೆಂದರೆ ನನಗೆ ಮೈ ಉರಿಯದೆ ಇರುತ್ತದೆಯೇ?

ಶಾಲೆ ಮುಚ್ಚಿತು. ಹನ್ನೊಂದು ಕುದುರೆಗಳು ಲಾರಿ ಹತ್ತಿ ಹೋದವು. ಇಪ್ಪತ್ತಾರು ವರ್ಷದ ಹೆಣ್ಣು ಕುದುರೆಯೊಂದನ್ನು ಮಾತ್ರ ಯಾರೂ ಕೇಳಲಿಲ್ಲ. ತಿಂಗಳೊಳಗೆ ಅದರ ಮುಂಗಾಲಿನ ಗೆಣ್ಣುಗಳಲ್ಲಿ ಗಾಯ. ಪಶುವೈದ್ಯರು ಮುಲಾಮು ಬರೆದುಕೊಟ್ಟರು. ಇವರು ಒಂದೇ ನೋಟಕ್ಕೆ, ಇದು ನಿದ್ದೆಗೆಟ್ಟ ಗಾಯ ಎಂದರು. ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ದಿನಕ್ಕೆ ಅರ್ಧ ಗಂಟೆಯಾದರೂ ಮೈಚಾಚಿ ಮಲಗದಿದ್ದರೆ ನಿಂತಲ್ಲೇ ಕುಸಿದು ಗೆಣ್ಣು ನೆಲಕ್ಕೆ ತರಚುತ್ತದಂತೆ. ಹಿಂಡಿನಲ್ಲಿ ಒಂದಾದರೂ ನಿಂತು ಕಾದರೆ ಉಳಿದವು ಮಲಗುತ್ತವೆ. ಕಾಯುವವರಿಲ್ಲದ ಒಂಟಿ ಕುದುರೆ ಮಲಗುವುದಿಲ್ಲ. ಲಾಯದೊಳಕ್ಕೆ ಯಾವ ತೋಳ ಬರುತ್ತದೆ ಎಂದು ನಾನು ನಕ್ಕೆ. ಅದರ ರಕ್ತಕ್ಕೆ ಗೋಡೆ ಗೊತ್ತಿಲ್ಲ ಎಂದರು.

ಹಾಗಾಗಿ ಇವರು ನಿಂತರು. ಹನ್ನೆರಡನೆಯ ದಿನ ಅದು ಮಲಗಿತಂತೆ. ಇವರು ಊಟವನ್ನೂ ನಿಂತೇ ಮಾಡುತ್ತಿದ್ದರು. ಕುಳಿತರೆ ಅದು ದಡಬಡ ಏಳುತ್ತಿತ್ತು. ಕಾವಲುಗಾರ ಇವರಿಗೆ ಕಂಬ ಎಂದು ಹೆಸರಿಟ್ಟ. ನಾನೂ ಬಾಯಿಗೆ ಬಂದಂತೆ ಅಂದೆ. ಕಾಲಿನ ನರ ಉಬ್ಬಿ ಹುಣ್ಣಾಗಿದ್ದನ್ನು ಮಾತ್ರ ಈ ಪುಣ್ಯಾತ್ಮ ಪ್ಯಾಂಟಿನೊಳಗೆ ಮುಚ್ಚಿಟ್ಟಿದ್ದರು. ನೋವು ತೋರಿಸಿದ ಕುದುರೆಯನ್ನೇ ತೋಳ ಹಿಡಿಯುವುದು ಎನ್ನುತ್ತಿದ್ದರಲ್ಲ, ಅಲ್ಲಿಂದಲೇ ಕಲಿತಿರಬೇಕು.

ಡಾಕ್ಟರು ಬೈದು ಆಸ್ಪತ್ರೆಗೆ ಸೇರಿಸಿಕೊಂಡರು. ಮಂಚದ ಮೇಲಿಂದ ಒಂದೇ ಮಾತು:

"ನೀನಾದ್ರೂ ಹೋಗಿ ನಿಂತ್ಕೊಳ್ಳೇ. ಸುಮ್ನೆ ನಿಂತ್ರೆ ಸಾಕು."

ಬೈದುಕೊಂಡೇ ಹೋದೆ. ಅವರ ವಾಸನೆಯಾದರೂ ಇರಲಿ ಎಂದು ಅವರದೇ ಅಂಗಿ ತೊಟ್ಟು ಮೂರು ದಿನ ನಿಂತೆ. ಅದು ಎರಡೂ ಕಿವಿ ನನ್ನ ಕಡೆ ತಿರುಗಿಸಿ ನೋಡುತ್ತಲೇ ಇತ್ತು. ಕಣ್ಣೆಳೆದು ಮುಂಗಾಲು ಕುಸಿಯುತ್ತಿತ್ತು, ಬೆಚ್ಚಿ ಏಳುತ್ತಿತ್ತು, ಮತ್ತೆ ಕುಸಿಯುತ್ತಿತ್ತು. ಮಲಗೇ ತಾಯಿ, ನಾನಿದ್ದೇನಲ್ಲ ಎಂದು ಗೋಗರೆದೆ. ಮಲಗಲಿಲ್ಲ. ನಾನು ಅದರ ಹಿಂಡಿನವಳಲ್ಲ. ಅಷ್ಟು ದಿನ ಆಡಿಕೊಂಡಿದ್ದಕ್ಕೆ ನಾಚಿಕೆಯಾಗಿ ಅಲ್ಲೇ ಅತ್ತುಬಿಟ್ಟೆ.

ನಾಲ್ಕನೆಯ ದಿನ ಹೋದಾಗ ನೀರಿನ ತೊಟ್ಟಿಯ ಮೇಲೆ ಬಿದ್ದು ಕಾಲು ಮುರಿದುಕೊಂಡಿತ್ತು. ಪಶುವೈದ್ಯರು ಇಂಜೆಕ್ಷನ್ ಕೊಟ್ಟು ಮುಗಿಸಿದರು. ಸದ್ಯ ಜಾಗ ಖಾಲಿಯಾಯಿತು ಎಂದರು ಶಾಲೆಯ ಮಾಲೀಕರು.

ಆಸ್ಪತ್ರೆಗೆ ಹೋದೆ. ಇವರು ಎದ್ದು ಕುಳಿತು ಕೇಳಿದರು.

"ಮಲಗಿದ್ಲಾ?"

ಹೂಂ ಎಂದೆ. ಮುಖ ಅರಳಿತು.

"ಎಷ್ಟು ಹೊತ್ತು?"

ನನಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ.

"ಇನ್ನೂ ಎದ್ದಿಲ್ಲ ರೀ."

ಅವರು ಗೋಡೆಯ ಕಡೆ ಹೊರಳಿದರು. ಅಂದಿನಿಂದ ಕುದುರೆಯ ಮಾತೆತ್ತಿಲ್ಲ.