ಕೃತಜ್ಞತೆಯ ತಾಲೀಮು
ಖಾಲಿ ಸಭಾಂಗಣದಲ್ಲಿ ಮೈಕನ್ನು ಬೆರಳಿನಿಂದ ಬಡಿಯುವ ಟಪ್ ಟಪ್ ಸದ್ದು ಕೇಳಿಸಿತೆಂದರೆ, ವಿಶ್ವವಿದ್ಯಾಲಯದ ದತ್ತಿ ವಿಭಾಗದ ಸಾಹೇಬರು ಕೃತಜ್ಞತೆಯ ತಾಲೀಮು ಶುರು ಮಾಡಿದರೆಂದೇ ಅರ್ಥ. ದಾನಿಗಳ ಕುಟುಂಬ ಬರುವ ದಿನ ಫೆಲೋಶಿಪ್ ಪಡೆದ ಸಂಶೋಧನಾ ವಿದ್ಯಾರ್ಥಿಗಳೆಲ್ಲ ವೇದಿಕೆ ಹತ್ತಿ ತಮ್ಮ ಮನೆಯ ಕಷ್ಟ ಹೇಳಿಕೊಳ್ಳಬೇಕು. ನಿಯಮ ಎಲ್ಲೂ ಬರೆದಿಲ್ಲ. ಸಾಹೇಬರ ಹುಬ್ಬು ಏರಿದರೆ ಸಾಕು, ಮುಂದಿನ ವರ್ಷದ ಫೆಲೋಶಿಪ್ ನಿಂತಂತೆಯೇ. ದಾನಿಗಳ ಮುಂದೆ ಬಳ್ಳಿಯಂತೆ ಬಳುಕುವ ಬೆನ್ನು ಈ ಮಕ್ಕಳ ಮುಂದೆ ಒನಕೆಯಂತೆ ಸೆಟೆಯುತ್ತದೆ. "ಅಪ್ಪ ಸತ್ತ ಅಂತ ಹೇಳೋ ಜಾಗದಲ್ಲಿ ಒಂದು ಉಸಿರು ತಗೊಳ್ಳಪ್ಪಾ" ಎನ್ನುತ್ತಾರೆ, ಸಾರಿಗೆ ಉಪ್ಪು ಸಾಲದೆಂಬಂತೆ. ಒಳ್ಳೆಯ ಅಂಗಿ ತೊಟ್ಟವನಿಗೆ "ಏನಪ್ಪಾ, ಮದುವೆಗೆ ಬಂದ್ಯಾ?" ಎಂಬ ಕುಟುಕು. ನೋಡುವವರ ರಕ್ತ ಕುದಿಯುತ್ತದೆ. ಇವತ್ತು ಅವರೆದುರು ನಿಂತವಳು ಬಾವಿಗಳ ನೀರಿಗೆ ವಿಷ ಹೇಗೆ ಸೇರುತ್ತದೆಂದು ಸಂಶೋಧನೆ ನಡೆಸುತ್ತಿರುವ ಹುಡುಗಿ. ತಾಯಿ ಇದೇ ಕಟ್ಟಡದ ಕಸ ಗುಡಿಸುತ್ತಾಳೆ. "ಸರ್, ನಾನು ನೀರಿನ ಬಗ್ಗೆ ಹೇಳ್ತೀನಿ. ಅಮ್ಮನ್ನ ವೇದಿಕೆಗೆ ಎಳೆಯಲ್ಲ." "ನೀರು ಯಾರಿಗೆ ಬೇಕಮ್ಮಾ? ಪೊರಕೆ ವಿಷಯ ಹೇಳು, ಅವರ ಕಣ್ಣು ತುಂಬುತ್ತೆ. ಇಲ್ಲಾಂದ್ರೆ ಮುಂದಿನ ವರ್ಷ ಆ ಪೊರಕೆ ನೀನೇ ಹಿಡೀಬೇಕಾಗುತ್ತೆ." ಉಳಿದವರು ತಲೆ ತಗ್ಗಿಸಿದರು. ಅವಳು ಗೋಡೆಯ ಹಳೆಯ ಫೋಟೋ ನೋಡಿದಳು: ದಾನಿಯ ಪಕ್ಕದಲ್ಲಿ ಕೈಮುಗಿದು ಬಗ್ಗಿದ ಬಡಕಲು ಯುವಕ, ಹುಬ್ಬು ಅದೇ ಹುಬ್ಬು. "ಸರ್, ಇದು ನೀವಲ್ವಾ? ನಿಮ್ಮ ಸಂಶೋಧನೆ ಯಾವುದರ ಮೇಲಿತ್ತು?" ಸಾಹೇಬರು ಬಾಯಿ ತೆರೆದರು. "ನಮ್ಮಮ್ಮ ಕಂಡವರ ಬಟ್ಟೆ ಒಗೀತಿದ್ಲು, ಒಂದು ದಿನ..." ಎಂದು ಎಂದೋ ಬಾಯಿಪಾಠ ಮಾಡಿದ್ದ ಮಾತು ತಾನಾಗಿ ಹೊರಬಂತು; ಅಮ್ಮನ ಹೆಸರು ಬಂದಲ್ಲಿ ಒಂದು ಉಸಿರನ್ನೂ ತೆಗೆದುಕೊಂಡರು. "ಅದಲ್ಲ ಸರ್, ಸಂಶೋಧನೆ..." ಎಂದು ಅವಳು ಮತ್ತೆ ಕೇಳುತ್ತಿದ್ದಂತೆಯೇ, ಮೈಕನ್ನು ಅವಳ ಕೈಗೆ ತುರುಕಿ ಸಾಹೇಬರು ಹೊರಟೇಹೋದರು.