ವಿಮಾನ ಕೊಳ್ಳುವವಳ ಅಪ್ಪ ಜೀಪು ಕೊಂಡಿದ್ದು

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಸಕಲೇಶಪುರದಲ್ಲೇ ಇಲ್ಲ ಅನ್ನುವ ಜಂಬ ನನಗಿತ್ತು. ಕಳೆದ ವಾರದವರೆಗೂ ಇತ್ತು.

ಹಾನುಬಾಳಿನಲ್ಲಿ ಕಾಫಿ ತೋಟ ಮಾಡಿಕೊಂಡಿರುವ ನನ್ನ ಭಾವನಿಗೆ (ಅಕ್ಕನ ಗಂಡ) ಒಂದು ಜೀಪು ಬೇಕಿತ್ತು. ಕುಯ್ಲಿಗೆ ಆಳುಗಳನ್ನು ಯಸಳೂರು ಕಡೆಯಿಂದ ಕರೆತರಬೇಕು. ಈಗ ಬೆಳಿಗ್ಗೆ ಯಾರ ಜೀಪು ಮೊದಲು ಬಂದು ನಿಲ್ಲುತ್ತದೋ ಆಳುಗಳು ಅವರಿಗೆ. ಜೀಪಿಲ್ಲದವನ ಹಣ್ಣು ನೆಲದ ಪಾಲು.

ಹಾಗಾಗಿ ಮಳೆಗಾಲದಲ್ಲೇ ಹಾಸನಕ್ಕೆ ಹೋದೆವು. ಭಾವ ನನ್ನನ್ನು ಕರೆದೊಯ್ದಿದ್ದು ಬಾಯಿ ಮಾಡಲಿಕ್ಕೆ. ಮೊದಲ ಶೋರೂಮಿನವನು ಒಂದು ರೂಪಾಯಿ ಬಿಡಲಿಲ್ಲ. ಆದರೆ ಕುಯ್ಲಿಗೆ ಮುಂಚೆ ಗಾಡಿ ಕೊಡುತ್ತೇನೆಂದು ಬರೆದುಕೊಡುತ್ತಾನಂತೆ. ಏಳು ಸೀಟಿನದು ಬೇಡವೆನಿಸಿದರೆ ಗಾಡಿ ಬರುವ ಹಿಂದಿನ ತಿಂಗಳವರೆಗೂ ಹತ್ತು ಸೀಟಿನದಕ್ಕೆ ಬದಲಾಯಿಸಬಹುದಂತೆ. ಎರಡನೆಯವನು ನಲವತ್ತು ಸಾವಿರ ಇಳಿಸಿದ. ಬರೆಸಿದ ಗಾಡಿಯೇ ಗಾಡಿ, ಬದಲಾವಣೆ ಇಲ್ಲ. ಯಾವಾಗ ಬರುತ್ತೆ? 'ಬರುತ್ತೆ ಮೇಡಂ.'

ನಾವು ಯಾರ ಹತ್ತಿರ ಬರೆಸಿದೆವು ಅಂತ ಕೇಳಬೇಕೆ? ಮೇಲೆ ಸೀಟ್ ಕವರ್ ಬೇರೆ ಫ್ರೀ ಹಾಕಿಸಿಕೊಂಡೆ.

ಆ ವಾರವೇ ಭಾವನ ಮಗಳು ರಚನಾ ರಜೆಗೆ ಬಂದಳು. ಅವಳು ಕೆಲಸ ಮಾಡುವುದು ಒಂದು ಏರ್‌ಲೈನಿನಲ್ಲಿ, ವಿಮಾನ ಖರೀದಿಸುವ ವಿಭಾಗದಲ್ಲಿ. ನಡುವೆ ಒಂದೇ ಓಣಿ ಇರುತ್ತದಲ್ಲ, ನಾವು ಬೆಂಗಳೂರಿನಿಂದ ದೆಹಲಿಗೆ ಹತ್ತುತ್ತೇವಲ್ಲ, ಅಂಥ ವಿಮಾನಗಳು. ನಮ್ಮ ಗೆಲುವಿನ ರಸೀದಿ ತೋರಿಸಿದೆವು. ಅವಳು ಅದರ ಹಿಂಬದಿಯನ್ನೂ ಓದಿದಳು. (ಯಾರಾದರೂ ಓದುತ್ತಾರಾ?)

ಓದಿ, ಪಾಠ ಶುರು ಮಾಡಿದಳು. ವಿಮಾನಕ್ಕೆ ಪಟ್ಟಿಯಲ್ಲಿರುವ ಬೆಲೆಯನ್ನು ಯಾರೂ ಕೊಡುವುದಿಲ್ಲವಂತೆ, ಚೌಕಾಸಿ ಅಲ್ಲೂ ಉಂಟು. ಆದರೆ ಇವತ್ತು ಬರೆಸಿದ ವಿಮಾನ ಕೈಗೆ ಬರುವುದು ಎಷ್ಟೋ ವರ್ಷದ ಮೇಲೆ. ಅಷ್ಟೊತ್ತಿಗೆ ಜನ ಜಾಸ್ತಿಯಾಗಿರಬಹುದು, ಕಮ್ಮಿಯಾಗಿರಬಹುದು, ಯಾರು ಕಂಡಿದ್ದಾರೆ? ಅದಕ್ಕೇ ಬೆಲೆ ಇಳಿಸುವುದರ ಜೊತೆಗೇ ಕೇಳುತ್ತಾರೆ: ಜನ ಹೆಚ್ಚಿದರೆ ಇದೇ ಜಾತಿಯ, ಹೆಚ್ಚು ಸೀಟಿನ ಉದ್ದನೆಯದು ಕೊಡ್ತೀರಾ? ಕಮ್ಮಿಯಾದರೆ ಒಂದು ವರ್ಷ ಮುಂದೂಡಬಹುದಾ? ಹೀಗೆ ಮನಸ್ಸು ಬದಲಿಸುವ ಸ್ವಾತಂತ್ರ್ಯಕ್ಕೂ ಒಂದು ಬೆಲೆ ಇದೆ, ಡಿಸ್ಕೌಂಟು ಸ್ವಲ್ಪ ಬಿಟ್ಟಾದರೂ ಅದನ್ನು ಕೊಳ್ಳುತ್ತಾರೆ. ಸೀಸನ್ನಿಗೆ ಬಾರದ ಅಗ್ಗದ ವಿಮಾನ ಎಲ್ಲಕ್ಕಿಂತ ತುಟ್ಟಿ ಅಂದಳು.

ಭಾವ ನಕ್ಕುಬಿಟ್ಟರು. "ನಿಮ್ದು ವಿಮಾನ ಕಣವ್ವ, ನಮ್ದು ಜೀಪು. ನಲವತ್ ಸಾವ್ರ ಏನ್ ಗಿಡದಾಗೆ ಬಿಡ್ತದಾ?" (ಕಾಫಿ ಬೆಳೆಗಾರ ಆಡುವ ಮಾತೇ ಇದು!) ನಾನೂ ಭಾವನ ಪಕ್ಷವೇ.

ಕುಯ್ಲು ಬಂತು. ಜೀಪು ಬರಲಿಲ್ಲ. ಫೋನ್ ಮಾಡಿದರೆ ಮುಂದಿನ ವಾರ, ಮತ್ತೆ ಮಾಡಿದರೆ ಅದರ ಮುಂದಿನ ವಾರ. ಈ ಸಲ ಹಣ್ಣೆಲ್ಲ ಒಟ್ಟೊಟ್ಟಿಗೇ ಆಗಿ ಕೂತಿತ್ತು. ಭಾವ ಬಾಡಿಗೆ ಜೀಪು ಗೊತ್ತು ಮಾಡಿದರು. ಆ ಜೀಪಿನವನು ತನ್ನ ಬೇರೆ ಟ್ರಿಪ್ಪುಗಳನ್ನೆಲ್ಲ ಮುಗಿಸಿ ಬರುವಷ್ಟರಲ್ಲಿ ಅರ್ಧ ಆಳುಗಳು ಪಕ್ಕದ ಎಸ್ಟೇಟಿನವರ ಗಾಡಿ ಹತ್ತಿರುತ್ತಿದ್ದರು. ಅಕ್ಕ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಉದುರಿದ ಹಣ್ಣು ಆರಿಸುತ್ತಿದ್ದಳು. ಪಾಪಪ್ರಜ್ಞೆ ತಡೆಯಲಾರದೆ ನಾನೂ ಹೋಗಿ ಎರಡು ದಿನ ಆರಿಸಿದೆ. ಸೊಂಟ ಇನ್ನೂ ಸರಿಯಾಗಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು, ಅದೇ ಹೆಚ್ಚು ನೋವಾಗಿದ್ದು.

ಕಳೆದ ವಾರ ಜೀಪು ಬಂತು. ಕುಯ್ಲು ಮುಗಿದ ನಾಲ್ಕನೇ ದಿನ. ಸೀಟ್ ಕವರ್ ಮಾತ್ರ ಚೆನ್ನಾಗಿದೆ.

ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗಲೇ ರಚನಾಳ ಫೋನು. ಬೈಯುತ್ತಾಳೆ ಅಂದುಕೊಂಡೆವು. ಬೈಯಲಿಲ್ಲ. ಹೋದ ವರ್ಷದ ಮೆಣಸು ಇನ್ನೂ ಸ್ಟೋರಿನಲ್ಲೇ ಏಕಿದೆ ಅಂತ ಮೆತ್ತಗೆ ಕೇಳಿದಳು. ಭಾವನಿಗೆ ಹುರುಪು ಬಂತು.

"ರೇಟು ಬರ್ಲಿ ಅಂತ ಮಡಗಿವ್ನಿ ಕಣವ್ವ. ಯಾವಾಗ ಕೊಡ್ಬೇಕು ಅನ್ನೋದು ನಮ್ ಕೈಲಿರ್ಬೇಕು."

"ಆ ಹಕ್ಕನ್ನೇ ಅಲ್ವಾ ಅಪ್ಪ, ನೀನೂ ಚಿಕ್ಕಮ್ಮನೂ ಸೇರ್ಕೊಂಡು ನಲವತ್ತು ಸಾವಿರಕ್ಕೆ ಮಾರಿ ಬಂದಿದ್ದು?"