ವೈನಿ ಜಗ್ಗಿ ನೋಡುತ್ತಿದ್ದ ಗಂಟು

ಬೆಳಿಗ್ಗೆ ನೀರು ತುಂಬಿದೆ. ಹಾಲು ಕಾಸಿದೆ. ಯಜಮಾನರು ಚಾಕಣದ ಕಾರ್ಖಾನೆ ಬಸ್ಸು ಹಿಡಿಯಲು ಹೊರಟ ಮೇಲೆ ಬಿಬವೇವಾಡಿ ಮಾರ್ಕೆಟ್ಟಿಗೆ ಹೋಗಿ ಮೆಂತ್ಯ, ಬೆಳ್ಳುಳ್ಳಿ ತಂದೆ. ರೊಟ್ಟಿ ಬಡಿದೆ. ಮಂಡಿಗೆ ಎಣ್ಣೆ ತಿಕ್ಕಿಕೊಂಡೆ. ಮಳೆ ಮುಗಿಯಿತಲ್ಲ ಎಂದು ಕೌದಿಗಳನ್ನು ಒಗೆದು ಗ್ಯಾಲರಿಯ ಹಗ್ಗದ ಮೇಲೆ ಹಾಕಿದೆ. ಹಗ್ಗದ ಒಂದು ತುದಿಯನ್ನು ಬಣ್ಣ ಹೊಡೆಯಲು ಬಂದವರು ಬಿಚ್ಚಿ, ಮತ್ತೆ ಹೇಗೋ ಕಟ್ಟಿ ಹೋಗಿದ್ದರು. ಒದ್ದೆ ಕೌದಿಯ ಭಾರಕ್ಕೆ ಜಾರಿ, ಒಗೆದದ್ದೆಲ್ಲ ನೆಲಕ್ಕೆ ಬಿತ್ತು.

ಹಗ್ಗ ಎತ್ತಿಕೊಂಡಾಗ ಆ ವಾಸನೆ ಬಂತು. ಸಾಬೂನಿನ ಅಡಿಯಲ್ಲಿ ಎಲ್ಲೋ ಉಳಿದುಕೊಂಡಿದ್ದ ಒದ್ದೆ ಕಲ್ಲಿನ ವಾಸನೆ... ಕೈ ತಾನಾಗಿ ಎಂಟರ ಆಕಾರದ ಗಂಟು ಹಾಕಿತು, ತುದಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಪೋಣಿಸಿತು. ಆಮೇಲೂ ನಾನು ಸುಮ್ಮನೆ ನಿಂತೇ ಇದ್ದೆ. ಯಾರಾದರೂ ಬಂದು ಜಗ್ಗಿ ನೋಡಲಿ ಎಂದು ಕಾಯುತ್ತಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ತನ್ನ ಗಂಟು ತಾನ ನೋಡಬಾರ್ದು." ಎದುರು ಮನೆಯ ವೈನಿಯ ಕಟ್ಟಳೆ ಅದು; ಸಂಬಂಧಿಯಲ್ಲ, ಅತ್ತಿಗೆಯಂತೆ ಎಂದು ವೈನಿ ಅನ್ನುತ್ತಿದ್ದೆ.

ಕಲಬುರ್ಗಿ ಕಡೆಯವರು, ಪುಣೆಯಲ್ಲಿ ಕಾಲೇಜು ಓದುವಾಗ ಮರಾಠಿ ಗೆಳತಿಯರ ಜೊತೆ ಬಂಡೆ ಹತ್ತುವುದು ಕಲಿತವರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಬಾಗಿಲಲ್ಲಿ ನಿಂತು, "ದಿನಾ ಗೋಡಿ ನೋಡ್ಕೋತ ಕುಂಡ್ರತಿ. ಬಾ, ಕಲ್ಲರ ನೋಡು" ಅಂದಿದ್ದರು. ಭಾನುವಾರ ಸ್ವಾರಗೇಟಿನಿಂದ ಬಸ್ಸು. ಸಿಂಹಗಡ ಕೋಟೆಯ ಬುಡದಲ್ಲಿ ಇಳಿದು ನಡೆದರೆ, ಹಾದಿಯಿಂದ ಒಳಗೆ ಒಂದು ಕರಿಬಂಡೆ. ವೈನಿ ತಾಳಿಯನ್ನು ಕುರ್ತಾದೊಳಗೆ ಹಾಕಿ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ನಾನು ಹೆದರಿ ಕಾಲು ಜಾರಿಸಿದರೆ ಕೆಳಗಿನಿಂದ ಕೂಗುತ್ತಿದ್ದರು: "ಗಜ್ಜರಿ ಹೆರದಂಗ ಹೆರೀಬ್ಯಾಡ, ಕಾಲು ಊರು! ಕಲ್ಲೇನು ನಿಮ್ಮತ್ತಿ ಏನ, ಇಷ್ಟ್ ಅಂಜಾಕ?"

ಹಗ್ಗ ಮೇಲಿನ ಮರಕ್ಕೆ ಬಿಗಿದ ಕೊಂಡಿಯಲ್ಲಿ ಹಾದು ಬರುತ್ತಿತ್ತು. ಒಂದು ತುದಿ ಹತ್ತುವವಳ ಸೊಂಟಪಟ್ಟಿಗೆ, ಇನ್ನೊಂದು ಕಡೆ ಕೆಳಗೆ ನಿಂತವಳ ಕೈಗೆ. ಕಲ್ಲಿಗೆ ಕಾಲಿಡುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ಜಗ್ಗಿ, ಮುಖ ನೋಡಿ, "ಹೂಂ, ಹೋಗು" ಅನ್ನಬೇಕು. ಅನ್ನದೆ ಹತ್ತುವ ಹಾಗಿಲ್ಲ. ಎಷ್ಟೋ ವರ್ಷ ಹೀಗೇ ನಡೆಯಿತು.

ಒಂದು ಚಳಿಗಾಲ ವೈನಿಯ ಬೆರಳುಗಳು ಜೋಮು ಹಿಡಿಯತೊಡಗಿದವು. ಥಂಡಿ ಎನ್ನುತ್ತಿದ್ದರು. ನಾನೂ ಥಂಡಿ ಎಂದೇ ತಿಳಿದಿದ್ದೆ. ಆ ಭಾನುವಾರ ಅವರ ಗಂಟು ಜಗ್ಗಿದೆ. ಹಗ್ಗದ ತುದಿ ನನ್ನ ಅಂಗೈಯೊಳಗೆ ಬಂತು.

"ಮಾತಾಡ್ಕೋತ ಮರ್ತೆ ನೋಡು" ಎಂದು ನಕ್ಕು ಮತ್ತೆ ಕಟ್ಟಲು ಹೋದರು. ಬೆರಳಿಗೆ ಕುಣಿಕೆ ಸಿಗಲಿಲ್ಲ. ಇನ್ನೊಮ್ಮೆ... ಆಗಲೂ ಸಿಗಲಿಲ್ಲ.

"ನೀನ ಕಟ್ಟು."

"ಕಟ್ಟತೀನ್ರಿ ವೈನಿ. ಆದ್ರ ಕಲ್ಲು ಹಿಡಿಯೂದು ನಿಮ್ಮ ಕೈನ ಅಲ್ಲೇನ್ರಿ?"

ಅವರು ಬೆರಳು ಮಡಚಿ, ಬಿಚ್ಚಿ ನೋಡಿಕೊಂಡರು. "ಹಂಗಾರ ನೀ ಹತ್ತು. ನಾ ಕೆಳಗ ಹಗ್ಗ ಹಿಡಿತೀನಿ."

ನಾನು ನನ್ನ ಸೊಂಟಪಟ್ಟಿ ಬಿಚ್ಚಿದೆ. ಹಗ್ಗ ಇಳಿಸಿ ಸುತ್ತಲು ಶುರುಮಾಡಿದೆ. ವೈನಿ ಬಂಡೆಗೆ ಬೆನ್ನು ಕೊಟ್ಟು ಕುಳಿತರು.

"ಅಂದ್ರ, ನನ್ನ ಕೈಯಾಗ ನಿನ್ನ ಜೀವ ಕೊಡಂಗಿಲ್ಲ."

"ಹೌದ್ರಿ" ಅಂದೆ. ಬೇರೆ ಏನು ಅಂದಿದ್ದರೂ ಅವರು ನಂಬುತ್ತಿರಲಿಲ್ಲ.

ಹಗ್ಗವನ್ನು ಪೂರಾ ಸುತ್ತಿ ಚೀಲಕ್ಕೆ ತುಂಬಿದೆ. ಆಮೇಲೆ ತಾವೇ ಎದ್ದು ಸೆರಗಿಲ್ಲದ ಹೆಗಲನ್ನು ಕೊಡವಿಕೊಂಡರು. "ಜಗ್ಗಿ ನೋಡು ಅಂತ ಕಲಿಸಿದಾಕಿ ನಾನ. ಇನ್ನ ಯಾರಿಗೆ ಬೈಲಿ? ನಡಿ, ಮ್ಯಾಲೆ ಹೋಗಿ ಮೊಸರು ತಿನ್ನೂಣು." ಗಡದ ಮೇಲೆ ಮಣ್ಣಿನ ಕುಡಿಕೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ತಿಂದರು, ಮಕ್ಕಳ ಹಾಗೆ.

ಮುಂದೆ ಬರೀ ನಡೆದೆವು. ಮೊದಲು ಪೂರಾ ಗಡ, ಆಮೇಲೆ ಅರ್ಧ, ಆಮೇಲೆ ಮನೆ ಹತ್ತಿರದ ತಳಜಾಯಿ ಗುಡ್ಡ. ಅದೂ ಆಗದಿದ್ದಾಗ ನಮ್ಮ ಕಟ್ಟಡದ ಮೇಲಿನ ಗಚ್ಚಿ. ಅಲ್ಲಿಂದ ಸಿಂಹಗಡ ಕಂಡರೆ ಕಂಡಿತು, ಹೊಗೆಯಿದ್ದರೆ ಇಲ್ಲ. ನರದ ರೋಗ ಎಂದರು ಡಾಕ್ಟರು. ಹಗ್ಗವನ್ನು ವೈನಿ ನನ್ನ ಕೈಯಿಂದಲೇ ಈಳಿಗೆಯಲ್ಲಿ ಎರಡು ತುಂಡು ಮಾಡಿಸಿದರು. ಹಳೇ ಹಗ್ಗವನ್ನು ತಿಳಿಯದೆ ಯಾರೂ ಹತ್ತಲು ಒಯ್ಯಬಾರದು, ಅದಕ್ಕೆ. "ಇನ್ನ ಅರಿವಿ ಹೊರ್ಲಿ ಬಿಡು. ಅದಕ್ಕೂ ವಯಸ್ಸಾತು." ಅದರ ಒಂದು ತುಂಡೇ ನನ್ನ ಗ್ಯಾಲರಿಯಲ್ಲಿ ಬಟ್ಟೆ ಒಣಗಿಸುವ ಹಗ್ಗವಾಯಿತು.

ಹೋದ ವರ್ಷ ವೈನಿ ತೀರಿಕೊಂಡರು. ಎದುರು ಮನೆಗೆ ವಾಕಡದಿಂದ ಬೇರೆಯವರು ಬಂದಿದ್ದಾರೆ; ಒಳ್ಳೆಯ ಜನವೇ. ನನ್ನ ಮಂಡಿಗಳು ಈಗ ಎರಡನೇ ಮಹಡಿಯನ್ನೇ ಗಡ ಅನ್ನುತ್ತವೆ.

ಸಂಜೆ ಯಜಮಾನರು ಬಂದಾಗ, "ಇದನ್ನೊಂದು ಚೂರು ಜಗ್ಗಿ ನೋಡ್ರಿ" ಅಂದೆ. ಶೂ ಬಿಚ್ಚುತ್ತಲೇ ಒಂದು ಕೈಯಿಂದ ಎಳೆದು, "ಗಟ್ಟಿ ಅದ ಬಿಡು. ಕೌದಿ ಒಣಗಸಾಕ ಇಷ್ಟ್ಯಾಕ?" ಅಂದರು. ಗಂಟನ್ನು ಮಾತ್ರ ನೋಡಿದರು, ಪಾಪ. ಆಮೇಲೆ ಮುಖ ನೋಡಬೇಕು ಎಂದು ಅವರಿಗೆ ಹೇಗೆ ಗೊತ್ತಾಗಬೇಕು...

ಜಾಲಿಸಿ ಬಕೆಟ್ಟಿನಲ್ಲಿ ಇಟ್ಟಿದ್ದ ಕೌದಿಗಳನ್ನು ಮತ್ತೆ ಹಿಂಡಿ ಹಗ್ಗದ ಮೇಲೆ ಹಾಕಿದೆ. ಊಟಕ್ಕೆ ಬೆಳಗಿನ ರೊಟ್ಟಿ, ಮೆಂತ್ಯದ ಪಲ್ಯ, ಸ್ವಲ್ಪ ಮೊಸರು. ಅವರಿಗೆ ಮೊದಲು ನಿದ್ದೆ ಹತ್ತಿತು.